ಎಲೆ ಮಡಚುವವನ ಮುಖ

ಮೂಡುಬಿದಿರೆಯ ಬಸ್ ನಿಲ್ದಾಣದಲ್ಲಿ ನಾನು ಸ್ವಲ್ಪ ಹೊತ್ತು ಸುಮ್ಮನೆ ನಿಂತರೆ ಸಾಕು, ಯಾರಾದರೊಬ್ಬರು ಬಂದು ತಮ್ಮ ಚೀಲವನ್ನು ನನ್ನ ಕಾಲ ಬುಡದಲ್ಲಿಟ್ಟು, "ಒಮ್ಮೆ ನೋಡ್ಕೊಳ್ಳಿ ಆಯ್ತಾ, ಈಗ ಬಂದೆ" ಎಂದು ಹೇಳಿ ಮಾಯವಾಗುತ್ತಾರೆ. ನಿಲ್ದಾಣದಲ್ಲಿ ಬೇರೆ ಜನ ಇರುವುದಿಲ್ಲವೆಂದಲ್ಲ. ಖಾಕಿ ತೊಟ್ಟವರಿರುತ್ತಾರೆ, ಹಣೆತುಂಬ ಗಂಧವಿಟ್ಟವರಿರುತ್ತಾರೆ, ಕೈಯಲ್ಲಿ ಜಪಮಾಲೆ ಹಿಡಿದವರೂ ಇರುತ್ತಾರೆ. ಅವರನ್ನೆಲ್ಲ ದಾಟಿ ಬಂದು ನನ್ನನ್ನೇ ಆರಿಸುತ್ತಾರೆ. ಹೀಗೆ ಅನ್ಯರ ಚೀಲಗಳನ್ನು ಕಾಯುತ್ತ ನಾನು ತಪ್ಪಿಸಿಕೊಂಡ ಬಸ್ಸುಗಳನ್ನು ಸಾಲಾಗಿ ನಿಲ್ಲಿಸಿದರೆ ಅವು ತೋಡಾರಿನವರೆಗೆ ಹೋದಾವು. ಒಮ್ಮೆಯಂತೂ ಒಬ್ಬ ಮಹಾನುಭಾವರು ಚೀಲದ ಬದಲು ಒಂದು ಜೀವಂತ ಹುಂಜವನ್ನೇ ನನ್ನ ಕೈಗೆ ಕೊಟ್ಟು ಚಾ ಕುಡಿಯಲು ಹೋದರು. ವಂಶಪಾರಂಪರ್ಯವಾಗಿ ಅಹಿಂಸಾವ್ರತವನ್ನು ಪಾಲಿಸಿಕೊಂಡು ಬಂದ ಜೈನ ಮನೆತನದ ನಾನು, ಕೋಳಿ ಅಂಕದ ಕಾಳಗಕ್ಕೆ ಹೊರಟ ಆ ವೀರನನ್ನು ಕಂಕುಳಲ್ಲಿ ಅವುಚಿಕೊಂಡು ನಡು ಪೇಟೆಯಲ್ಲಿ ನಿಂತದ್ದನ್ನು ಊರಿಡೀ ನೋಡಿತು. ಆದರೂ ನನ್ನ ಮೇಲೆ ಯಾರಿಗೂ ಸಂಶಯ ಬರಲಿಲ್ಲ. "ಪಾಪ, ಯಾರದ್ದೋ ಹಿಡ್ಕೊಂಡಿದ್ದಾರೆ" ಎಂದರು.

ಈ 'ಪಾಪ' ಎಂಬ ಶಬ್ದವನ್ನು ಸ್ವಲ್ಪ ವಿವರಿಸಬೇಕು. ನಮ್ಮ ಕಡೆ 'ಪಾಪದವರು' ಎಂದರೆ ಪಾಪಿಷ್ಠರಲ್ಲ. ಯಾರ ತಂಟೆಗೂ ಹೋಗದ, ಬೈದರೆ ತಿರುಗಿ ಬೈಯದ, ಬಡಿಸಿದ್ದನ್ನು ಉಂಡು ಏಳುವ ನಿರುಪದ್ರವಿ ಜೀವಿಗಳು. ನನಗೆ ಈ ಬಿರುದು ದಕ್ಕಲು ಮುಖ ಅರ್ಧ ಕಾರಣವಾದರೆ ಉಳಿದರ್ಧ ನನ್ನ ಅಂಗಡಿ. ಅಜ್ಜನ ಕಾಲದಿಂದ ನಮ್ಮದು ಜವಳಿ ವ್ಯಾಪಾರ, ಗಲ್ಲಾಪೆಟ್ಟಿಗೆಯ ಮೇಲ್ಗಡೆ 'ಒಂದೇ ಬೆಲೆ, ಒಂದೇ ಮಾತು' ಎಂಬ ಫಲಕ. ಚೌಕಾಸಿಗೆ ಬಂದವರು ಆ ಫಲಕವನ್ನು ಓದಿ, ನನ್ನ ಮುಖವನ್ನು ನೋಡಿ, ಎರಡೂ ಒಂದೇ ಮಾತು ಹೇಳುತ್ತಿವೆಯೆಂದು ಮನಗಂಡು ಸುಮ್ಮನೆ ಹಣ ಕೊಡುತ್ತಾರೆ. ಜಿನರಾಜ ಸುಳ್ಳು ಹೇಳುವವನಲ್ಲ ಎಂಬುದು ನನ್ನ ಊರಿನಲ್ಲಿ ಹವಾಮಾನ ವರದಿಗಿಂತ ಹೆಚ್ಚು ನಂಬಿಕೆಗೆ ಅರ್ಹವಾದ ವಾರ್ತೆ.

ಇಂಥವನು ಪೋಕರ್ ಆಡಲು ಕೂತರೆ ಏನಾದೀತೆಂದು ನೀವೇ ಊಹಿಸಿ.

ಗಾಬರಿಯಾಗಬೇಡಿ, ಹಣ ಇಟ್ಟು ಆಡುವುದಲ್ಲ. ದ್ಯೂತವು ನಮ್ಮಲ್ಲಿ ಸಪ್ತವ್ಯಸನಗಳಲ್ಲಿ ಒಂದು; ನನ್ನ ಗೆಳೆಯ ಉಮ್ಮರಬ್ಬನ ಮತದಲ್ಲಿ ಅದು ನೇರವಾಗಿ ಹರಾಮು; ಗೆಳತಿ ಲಿಲ್ಲಿ ಟೀಚರಿಗೆ ಅದು ಪಾದ್ರಿಗಳ ಮುಂದೆ ಹೇಳಿಕೊಳ್ಳಬೇಕಾದ ತಪ್ಪು. ಮೂರು ಧರ್ಮಗಳು ಇಷ್ಟು ಒಮ್ಮತದಿಂದ ನಿಷೇಧಿಸಿದ ಸಂಗತಿಯನ್ನು ನಾವು ಮೂವರು ಒಮ್ಮತದಿಂದ ಬಿಟ್ಟು, ಚೆನ್ನೆಮಣೆ ಆಟಕ್ಕೆ ಬಳಸುವ ಕೆಂಪು ಮಂಜೊಟ್ಟಿ ಬೀಜಗಳನ್ನು ಪಣಕ್ಕಿಡುತ್ತೇವೆ. ಆಟ ಕಲಿಸಿದ್ದು ಲಿಲ್ಲಿ ಟೀಚರು. ಬೆಳ್ತಂಗಡಿಯಲ್ಲಿ ಗಣಿತ ಕಲಿಸಿ ನಿವೃತ್ತರಾದ ಅವರಿಗೆ ಅದನ್ನು ಹಡಗಿನಲ್ಲಿ ದುಡಿದು ಬಂದ ಅವರ ತಮ್ಮ ಕಲಿಸಿದ್ದ. ಉಮ್ಮರಬ್ಬ ಬಂಟ್ವಾಳದ ಈಚೆಗಿನ ಫರಂಗಿಪೇಟೆಯವನು. ಹಳೆಯ ಮನೆಗಳನ್ನು ಬಿಚ್ಚಿದಾಗ ಸಿಗುವ ಬಾಗಿಲು, ಕಿಟಕಿ, ಕಂಬಗಳನ್ನು ಕೊಂಡು ಮಾರುವವನು. ಮೂವರೂ ಕಾಲೇಜಿನಲ್ಲಿ ಒಂದೇ ತರಗತಿಯಲ್ಲಿದ್ದವರು. ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಒಬ್ಬೊಬ್ಬರ ಮನೆಯಲ್ಲಿ ಸರದಿಯಂತೆ ಕೂಡುತ್ತೇವೆ, ಸೂರ್ಯ ಮುಳುಗುವ ಮೊದಲು ಏಳುತ್ತೇವೆ. ಯಾಕೆಂದರೆ ಸೂರ್ಯಾಸ್ತವಾದ ಮೇಲೆ ನನಗೆ ಊಟವಿಲ್ಲ, ಸೂರ್ಯಾಸ್ತವಾದ ಕೂಡಲೇ ಉಮ್ಮರಬ್ಬನಿಗೆ ನಮಾಜು. ಆಟದ ಮೇಜಿನಲ್ಲಿ ಕನ್ನಡದಲ್ಲೇ ಮಾತಾಡಬೇಕೆಂಬುದು ಟೀಚರ ಕಾನೂನು. ತುಳುವಿನಲ್ಲಿ ಆಡಿದರೆ ಸೋತ ಸಿಟ್ಟಿಗೆ ಬೈಗುಳ ತಾನಾಗಿ ಬರುತ್ತದೆ. ಕನ್ನಡದಲ್ಲಿ ಬೈಯಬೇಕಾದರೆ ನಾವು ಸ್ವಲ್ಪ ಯೋಚಿಸಬೇಕಾಗುತ್ತದೆ, ಅಷ್ಟರಲ್ಲಿ ಸಿಟ್ಟು ಇಳಿದಿರುತ್ತದೆ.

ಆಟ ಸರಳ. ಪ್ರತಿಯೊಬ್ಬರಿಗೂ ಗುಟ್ಟಾಗಿ ಎರಡು ಎಲೆ. ಎಲ್ಲರಿಗೂ ಸೇರಿದಂತೆ ನಡುವೆ ಐದು ಎಲೆ ಒಂದೊಂದಾಗಿ ತೆರೆದುಕೊಳ್ಳುತ್ತವೆ. ಎರಡನ್ನೂ ಕೂಡಿಸಿ ಯಾರ ಕೈ ದೊಡ್ಡದೋ ಅವರು ಗೆದ್ದರು. ಆದರೆ ಕೊನೆಯವರೆಗೆ ಹೋಗಬೇಕೆಂದಿಲ್ಲ. ಒಬ್ಬರು ರಾಶಿ ಬೀಜ ಮುಂದೆ ತಳ್ಳಿದಾಗ ಉಳಿದವರು ಹೆದರಿ ಎಲೆ ಬಿಟ್ಟರೆ, ತಳ್ಳಿದವರ ಕೈಯಲ್ಲಿ ಬೂದಿಯಿದ್ದರೂ ಗೆಲುವು ಅವರದ್ದೇ. ಹೀಗೆ ಬಿಡುವುದಕ್ಕೆ ನಾವು ಊಟದ ಪಂಕ್ತಿಯ ಮಾತನ್ನು ತಂದು 'ಎಲೆ ಮಡಚುವುದು' ಎನ್ನುತ್ತೇವೆ. ಇದ್ದದ್ದನ್ನೆಲ್ಲ ಒಂದೇ ಸಲ ಇಡುವುದಕ್ಕೆ 'ಪೂರ್ತಿ'. ಇವೆರಡರ ನಡುವೆ ನಾನು ಹುಟ್ಟಾ ಎಲೆ ಮಡಚುವವನು. ಒಳ್ಳೆಯ ಎಲೆ ಬಂದರೆ ಮಾತ್ರ ಆಡುತ್ತೇನೆ. ನಾನು ಆಡಿದೆನೆಂದರೆ ಒಳ್ಳೆಯ ಎಲೆ ಬಂದಿದೆಯೆಂದು ಇಬ್ಬರಿಗೂ ತಿಳಿದು ಅವರು ಮಡಚುತ್ತಾರೆ. ಹೀಗಾಗಿ ನಾನು ಸೋಲುವಾಗ ನಿಧಾನವಾಗಿ ಸೋಲುತ್ತೇನೆ, ಗೆಲ್ಲುವಾಗ ಎರಡು ಬೀಜ ಗೆಲ್ಲುತ್ತೇನೆ. ಟೀಚರ ತಮ್ಮನ ಪ್ರಕಾರ ಇದಕ್ಕೆ ಪೋಕರ್ ಪಂಡಿತರು 'ಟೇಬಲ್ ಇಮೇಜ್' ಎನ್ನುತ್ತಾರಂತೆ: ಮೇಜಿನ ಸುತ್ತ ಕೂತವರ ಮನಸ್ಸಿನಲ್ಲಿ ನಮ್ಮ ಬಗ್ಗೆ ಅಚ್ಚಾದ ಚಿತ್ರ. ಎಲೆಗಳನ್ನು ಹಂಚುವುದು ಅದೃಷ್ಟ, ಈ ಚಿತ್ರವನ್ನು ಹಂಚುವವರು ನಾವೇ, ಆದರೆ ಒಮ್ಮೆ ಹಂಚಿದ ಮೇಲೆ ಅದು ನಮ್ಮ ಕೈಯಲ್ಲಿರುವುದಿಲ್ಲ.

ಉಮ್ಮರಬ್ಬನ ಚಿತ್ರ ನನ್ನದಕ್ಕೆ ತದ್ವಿರುದ್ಧ. ಅವನ ಕಸುಬಿನಲ್ಲಿ ಬೆಲೆಯೆಂಬುದು ಸಂಭಾಷಣೆಯ ಆರಂಭವೇ ಹೊರತು ಅಂತ್ಯವಲ್ಲ. ಹಲಸಿನ ಮರದ ಬಾಗಿಲನ್ನು ತೇಗವೆಂದು ಅವನು ಎಂದೂ ಮಾರಿದವನಲ್ಲ. ಆದರೆ ಆ ಬಾಗಿಲಿನಿಂದ ಯಾವ ರಾಜರು ತಲೆ ಬಗ್ಗಿಸಿ ಒಳಹೊಕ್ಕರೆಂಬ ಕತೆಯನ್ನು ಗಿರಾಕಿಯ ಗಾತ್ರ ನೋಡಿ ಹೊಲಿಯುತ್ತಾನೆ. ಬಂಡಲು ಬಿಡುವುದರಲ್ಲಿ ಅವನನ್ನು ಮೀರಿಸುವವರು ಎರಡು ತಾಲೂಕಿನಲ್ಲಿಲ್ಲ. ಆದರೆ ಬೆಲೆ ಕುದುರಿ ಕೈಗೆ ಕೈ ಹಾಕಿದನೆಂದರೆ ಮುಗಿಯಿತು, ಆಕಾಶ ಬಿದ್ದರೂ ಮಾತು ತಪ್ಪುವವನಲ್ಲ. ಆಟದ ಮೇಜಿನಲ್ಲೂ ಹಾಗೆಯೇ: ಎಲೆ ನೋಡದೆಯೇ "ಪೂರ್ತಿ!" ಎಂದು ಬೀಜಗಳನ್ನು ತಳ್ಳುತ್ತಾನೆ, ಲಿಲ್ಲಿ ಟೀಚರು "ಎಂತ ಧೈರ್ಯ ಮಾರಾಯ್ರೆ ಈ ಮನುಷ್ಯನಿಗೆ!" ಎನ್ನುತ್ತ ಎಲೆ ಮಡಚುತ್ತಾರೆ.

ವರ್ಷಕ್ಕೊಮ್ಮೆ, ದೀಪಾವಳಿಯ ಹಿಂದಿನ ಭಾನುವಾರ, ಟೀಚರ ಮನೆಯಲ್ಲಿ ನಮ್ಮ ಟೂರ್ನಮೆಂಟು. ಮೂವರೇ ಆಡುವುದಕ್ಕೆ ಟೂರ್ನಮೆಂಟ್ ಎಂಬ ಹೆಸರು ಸ್ವಲ್ಪ ಭಾರವೆನ್ನುವುದು ನಿಜ, ಆದರೆ ಹೆಸರು ಸಣ್ಣದಾದರೆ ಮನೆಯವರು ಬಿಡುವುದಿಲ್ಲ. ಸಮಾನ ಬೀಜಗಳಿಂದ ಆರಂಭ. ಬೀಜ ಮುಗಿದವರು ಹೊರಗೆ. ಕೊನೆಗೆ ಉಳಿದವರು ಗೆದ್ದಂತೆ. ಬಹುಮಾನ ಏನೆಂದರೆ ಅಪ್ಪಣೆ. ಗೆದ್ದವರು ಸೋತವರಿಬ್ಬರಿಗೂ ಒಂದೊಂದು ಅಪ್ಪಣೆ ಕೊಡಬಹುದು, ಸೋತವರು ಅದನ್ನು ಪಾಲಿಸಲೇಬೇಕು. ಒಂದು ವರ್ಷ ಗೆದ್ದ ಟೀಚರು, ಒಂದು ಮದುವೆ ಊಟದಲ್ಲಿ ಬಾಯಿ ತೆರೆಯುವುದು ತಿನ್ನಲಿಕ್ಕೆ ಮಾತ್ರ ಎಂದು ಉಮ್ಮರಬ್ಬನಿಗೆ ಅಪ್ಪಣೆ ಕೊಟ್ಟರು. ಅವನಿಗೆ ಹುಷಾರಿಲ್ಲವೆಂದು ನೆಂಟರು ಎರಡು ದಿನ ಮನೆಗೆ ಬಂದು ವಿಚಾರಿಸಿಕೊಂಡು ಹೋದರು. ಇನ್ನೊಂದು ವರ್ಷ ಗೆದ್ದ ಉಮ್ಮರಬ್ಬ, ಒಂದು ದಿನ ನನ್ನ ಅಂಗಡಿಯಲ್ಲಿ ಚೌಕಾಸಿ ನಡೆಯಬೇಕೆಂದು ಅಪ್ಪಣೆ ಮಾಡಿದ. ಅಯ್ಯೋ ದೇವರೇ! ಗಿರಾಕಿಯೊಬ್ಬರು ಹೇಳಿದ್ದಕ್ಕಿಂತ ಕಡಿಮೆ ಬೆಲೆಯನ್ನು ನಾನೇ ಹೇಳಿದಾಗ ಅವರು ಅನುಮಾನಗೊಂಡು ಬಟ್ಟೆಯಲ್ಲಿ ಏನೋ ದೋಷವಿದೆಯೆಂದು ಎದ್ದು ಹೋದರು. ನಾನಂತೂ ಯಾವ ವರ್ಷವೂ ಗೆದ್ದವನಲ್ಲ, ಆದ್ದರಿಂದ ಅಪ್ಪಣೆ ಕೊಡುವ ಸುಖ ಹೇಗಿರುತ್ತದೆಂದು ನನಗೆ ಗೊತ್ತಿರಲಿಲ್ಲ.

ಕಳೆದ ವರ್ಷ ಮಾತ್ರ ನಾನು ಗೆಲ್ಲಲೇಬೇಕಾಯಿತು.

ಟೂರ್ನಮೆಂಟಿಗೆ ಒಂದು ವಾರವಿರುವಾಗ ಉಮ್ಮರಬ್ಬ ಹೆಂಡತಿ ಝೊಹರಮ್ಮನೊಡನೆ ನನ್ನ ಅಂಗಡಿಗೆ ಬಂದ. ಝೊಹರಮ್ಮನ ತಂಗಿಯ ಮಗಳ ಮದುವೆ, ಮೂಡಿಗೆರೆಯಲ್ಲಿ, ಮುಂದಿನ ವಾರದ ಗುರುವಾರ. ನಾನು ಹಾಸಿದ ಬಟ್ಟೆಗಳಲ್ಲಿ ಒಂದನ್ನು ಎತ್ತಿ ಬೆರಳುಗಳ ನಡುವೆ ಉಜ್ಜಿ ನೋಡಿ, "ಈ ಹಸಿರು ಚಂದ ಉಂಟು, ಇದನ್ನೇ ಕೊಡಿ" ಎಂದ. ಅವನ ಕೈಯಲ್ಲಿದ್ದದ್ದು ಕಡುನೀಲಿ. ನಾನು ಹಾಗೆಂದದ್ದಕ್ಕೆ ದೊಡ್ಡದಾಗಿ ನಕ್ಕು, "ನಿಮ್ಮನ್ನು ಪರೀಕ್ಷೆ ಮಾಡಿದ್ದು ಮಾರಾಯ್ರೇ, ಒಂದೇ ಬೆಲೆಯವರಿಗೆ ಒಂದೇ ಬಣ್ಣವಾ ಅಂತ" ಎಂದ. ನಾನೂ ನಕ್ಕೆ. ಅವನ ಬೆನ್ನ ಹಿಂದೆ ನಿಂತ ಝೊಹರಮ್ಮ ಮಾತ್ರ ನಗಲಿಲ್ಲ.

ಅವನು ಜೀಪಿನ ಬಳಿಗೆ ಹೋದ ಮೇಲೆ ಆಕೆ ಮೆಲ್ಲನೆ ಹೇಳಿದರು. "ಅವರಿಗೆ ಕಣ್ಣು ಕಾಣುದಿಲ್ಲ, ಜಿನರಾಜಣ್ಣ. ಎರಡೂ ಕಣ್ಣಿಗೆ ಪೊರೆ ಬಂದಿದೆ. ಶಿಬಿರದಲ್ಲಿ ಡಾಕ್ಟ್ರು ಹೇಳಿದ್ದಾರೆ, ಆಪರೇಷನ್ ಬೇಗ ಮಾಡ್ಸಿ ಅಂತ. ಇವರು ಕೇಳ್ಬೇಕಲ್ಲ? ಇವರ ಬಾಪನಿಗೆ ಹಿಂದಿನ ಕಾಲದಲ್ಲಿ ಆಪರೇಷನ್ ಮಾಡಿ ಇದ್ದ ಕಣ್ಣೂ ಹೋಯ್ತು. ಅದೇ ಹೆದರಿಕೆ. ಈಗ ಗುರುವಾರ ಮಕ್ಕಳು ಮೊಮ್ಮಕ್ಕಳನ್ನೆಲ್ಲ ಜೀಪಿನಲ್ಲಿ ಹಾಕಿ ಚಾರ್ಮಾಡಿ ಹತ್ತಿಸ್ತಾರಂತೆ. ಬೇರೆ ಗಾಡಿ ಮಾಡುವ ಅಂದ್ರೆ ನಗಾಡ್ತಾರೆ. ನನಗೆ ನಿದ್ದೆಯೇ ಇಲ್ಲ."

ಚಾರ್ಮಾಡಿ ಘಾಟಿಯನ್ನು ಕಂಡವರಿಗೆ ನಾನು ಬೇರೆ ಏನೂ ಹೇಳಬೇಕಾಗಿಲ್ಲ. ಒಂದು ಕಡೆ ಬಂಡೆ, ಒಂದು ಕಡೆ ಪಾತಾಳ, ನಡುವೆ ತಿರುವುಗಳು, ಬೆಳಗಿನ ಹೊತ್ತು ಮಂಜು. ಒಳ್ಳೆಯ ಕಣ್ಣಿದ್ದವರೇ ಅಲ್ಲಿ ದೇವರ ಹೆಸರು ಹೇಳಿಕೊಂಡು ಹಾರ್ನು ಒತ್ತುತ್ತಾರೆ. ನನ್ನ ಕೈಯಲ್ಲಿದ್ದ ಬಟ್ಟೆ ಅಲ್ಲೇ ನಿಂತಿತು.

ಆಮೇಲೆ ಒಂದೊಂದೇ ನೆನಪು ಬೇರೆ ಅರ್ಥ ಪಡೆಯತೊಡಗಿತು. ಗುರುವಾಯನಕೆರೆಯ ತಿರುವಿನಲ್ಲಿ ಅವನು ಜೀಪು ನಿಧಾನಿಸಿ, ಫ್ಲೆಕ್ಸಿನಲ್ಲಿ ಕೈಮುಗಿದು ನಿಂತ ಪುಢಾರಿಯೊಬ್ಬನಿಗೆ ಸಲಾಮು ಹೊಡೆದಿದ್ದ. ನಾವು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು. ಆಟದಲ್ಲಿ ಯಾರು ಬೀಜ ಇಟ್ಟರೂ "ಎಷ್ಟಂತ ಬಾಯಲ್ಲಿ ಹೇಳಿ, ಲೆಕ್ಕ ಶುದ್ಧ ಇರ್ಲಿ" ಎನ್ನುತ್ತಿದ್ದ. ಹಳೆಯ ವ್ಯಾಪಾರಿಯ ಶಿಸ್ತೆಂದು ನಾನು ಮೆಚ್ಚಿದ್ದೆ. ಎಲೆ ನೋಡದೆ ಪೂರ್ತಿ ಇಡುತ್ತಿದ್ದದ್ದು ಧೈರ್ಯವಲ್ಲ, ನೋಡಿದರೂ ಆಟೀನು ಯಾವುದು ಡೈಮನ್ ಯಾವುದೆಂದು ತಿಳಿಯದ ಸಂಕಟ! ಅಲ್ಲ ಮಾರಾಯರೇ, ಒಬ್ಬ ಮನುಷ್ಯ ನಮ್ಮ ಕಣ್ಣೆದುರೇ ವರ್ಷವಿಡೀ ಕುರುಡಾಗುತ್ತ ಹೋಗಿದ್ದ, ನಾವು ಅದನ್ನು ಅವನ ಶೈಲಿಯೆಂದು ಹೊಗಳುತ್ತ ಕೂತಿದ್ದೆವು. ಇಮೇಜಿನ ಪ್ರತಾಪವೇ ಇದು. ಒಬ್ಬನನ್ನು ವಿನೋದಿಯೆಂದು ಒಮ್ಮೆ ತೀರ್ಮಾನಿಸಿದ ಮೇಲೆ ಅವನು ಮುಗ್ಗರಿಸಿದರೂ ಅದು ನಮಗೆ ನಾಟ್ಯವಾಗಿ ಕಾಣುತ್ತದೆ.

ಮರುದಿನವೇ ಫರಂಗಿಪೇಟೆಗೆ ಹೋಗಿ ನೇರವಾಗಿ ಹೇಳಿದೆ. ಅವನು ಹಳೆಯ ಕಿಟಕಿಗಳ ನಡುವೆ ಕೂತು, ಯಾವ ಕಿಟಕಿಯಿಂದ ನೋಡಿದರೂ ತನಗೆ ಲೋಕ ಚಂದವೇ ಕಾಣುತ್ತದೆಂದು ಪ್ರವಚನ ಮಾಡಿದ. "ನನ್ನ ಜೀಪಿಗೆ ಚಾರ್ಮಾಡಿಯ ದಾರಿ ಗೊತ್ತುಂಟು ಜಿನರಾಜರೇ, ನಾನು ಸುಮ್ಮನೆ ಕೂತರೆ ಸಾಕು" ಎಂದು ನನಗೆ ಚಾ ತರಿಸಿದ. ಅವನೊಡನೆ ವಾದಿಸುವುದೆಂದರೆ ಹಾವಸೆಗಟ್ಟಿದ ಕಲ್ಲಿನ ಮೇಲೆ ನಿಲ್ಲುವ ಸಾಹಸ. ನಾನು ಚಾ ಕುಡಿದು, ಸೋತು, ಎದ್ದೆ. ಗೇಟಿನವರೆಗೆ ಬಂದ ಝೊಹರಮ್ಮ, "ನೀವು ಭಾನುವಾರ ಗೆಲ್ಲಿ ಜಿನರಾಜಣ್ಣ. ಅಪ್ಪಣೆ ಅಂದ್ರೆ ಅವರು ಮೀರುವವರಲ್ಲ" ಎಂದರು.

ಗೆಲ್ಲಿ ಅಂತೆ! ನಾನು!

ಆ ವಾರವಿಡೀ ಅಂಗಡಿಯಲ್ಲಿ ಬಟ್ಟೆ ಅಳೆಯುವಾಗಲೂ ನನ್ನ ತಲೆಯಲ್ಲಿ ಮಂಜೊಟ್ಟಿ ಬೀಜಗಳೇ ಉರುಳುತ್ತಿದ್ದವು. ಆಟದಲ್ಲಿ ನನಗೆ ಯಾವ ಕೌಶಲವೂ ಇಲ್ಲ. ಎಲೆಗಳ ಸಂಭಾವ್ಯತೆಯ ಗಣಿತವನ್ನು ಟೀಚರು ಎಷ್ಟು ಸಲ ವಿವರಿಸಿದರೂ ಅದು ನನ್ನ ಈ ಕಿವಿಯಿಂದ ಆ ಕಿವಿಗೆ ಶುದ್ಧ ಅತಿಥಿಯಾಗಿ ಹಾದುಹೋಗಿದೆ. ನನ್ನ ಬಳಿ ಇದ್ದ ಏಕೈಕ ಬಂಡವಾಳವೆಂದರೆ ನನ್ನ ಇಮೇಜು. ಸದಾ ಸತ್ಯ ಹೇಳುವವನಿಗೆ ಒಂದು ಅನುಕೂಲವುಂಟು: ಅವನು ಒಮ್ಮೆ ಸುಳ್ಳು ಹೇಳಿದರೆ ಅದನ್ನು ಎಲ್ಲರೂ ನಂಬುತ್ತಾರೆ. ಒಂದು ಅನಾನುಕೂಲವೂ ಉಂಟು: ಆ ಸೌಕರ್ಯ ಸಿಗುವುದು ಒಮ್ಮೆ ಮಾತ್ರ. ಬಂಡಲು ಬಿಡುವವನು ದಿನಕ್ಕೆ ಹತ್ತು ಸಲ ಬಿಡಬಹುದು, ಅವನಿಗೆ ಕಳೆದುಕೊಳ್ಳುವುದಕ್ಕೆ ಏನೂ ಇಲ್ಲ. ನನ್ನಂಥವನು ಅಜ್ಜನ ಕಾಲದ ಫಲಕವನ್ನೇ ಪಣಕ್ಕಿಡಬೇಕು. ಸುಳ್ಳಾಡಬಾರದೆಂಬ ಸತ್ಯಾಣುವ್ರತದ ಗತಿಯೇನೆಂಬ ಪ್ರಶ್ನೆಯೂ ನನ್ನನ್ನು ಕಾಡಿತು. ಪರರ ಪ್ರಾಣಕ್ಕೆ ಎರವಾಗುವ ಸತ್ಯವನ್ನು ಹೇಳಬಾರದೆಂದು ಹಿರಿಯರು ವಿನಾಯಿತಿ ಕೊಟ್ಟಿದ್ದಾರೆ. ಅದು ಇಸ್ಪೀಟಿಗೂ ಅನ್ವಯಿಸುತ್ತದೆಯೇ ಎಂದು ಅವರನ್ನು ಯಾರೂ ಕೇಳಿಟ್ಟುಕೊಂಡಿಲ್ಲ.

ಭಾನುವಾರ ಬೆಳ್ತಂಗಡಿಯಲ್ಲಿ ಆಟ ಆರಂಭವಾಯಿತು. ನಾನು ಎಂದಿನಂತೆ ಎಲೆ ಮಡಚುತ್ತ ಹೋದೆ. ಎಂದಿನಂತೆ ಎಂಬುದು ಬಾಯಿಮಾತಿಗೆ; ಆ ದಿನ ಒಂದೆರಡು ಸಲ ಒಳ್ಳೆಯ ಎಲೆಗಳನ್ನೂ ಮಡಚಿದೆ, ಚಿತ್ರ ಇನ್ನಷ್ಟು ಗಟ್ಟಿಯಾಗಲೆಂದು. ಅಷ್ಟರಲ್ಲಿ ಟೀಚರಿಗೂ ಉಮ್ಮರಬ್ಬನಿಗೂ ಜಟಾಪಟಿಯಾಗಿ, ಗಣಿತವನ್ನು ನಂಬಿದ ಟೀಚರು ಬೀಜವೆಲ್ಲ ಕಳೆದುಕೊಂಡರು. "ಲೆಕ್ಕ ಸರಿಯೇ ಇತ್ತು, ಎಲೆ ತಪ್ಪಿತು" ಎಂದು ಗೊಣಗಿ, ಎಲೆ ಹಂಚುವ ಕೆಲಸ ವಹಿಸಿಕೊಂಡರು. ಉಳಿದದ್ದು ನಾವಿಬ್ಬರು. ಅವನ ಮುಂದೆ ಕೆಂಪು ಬೀಜಗಳ ಗುಡ್ಡ, ನನ್ನ ಮುಂದೆ ಒಂದು ಬೊಗಸೆ.

ಹೊರಗೆ ಬಿಸಿಲು ಇಳಿಯುತ್ತಿತ್ತು. ನನಗಾಗಿ ನೀರುಳ್ಳಿ, ಬಟಾಟೆ ಹಾಕದ ಪಲ್ಯ ಮಾಡಿ ಮುಚ್ಚಿಟ್ಟಿದ್ದ ಟೀಚರು ಗಡಿಯಾರ ನೋಡಿ, "ಜಿನರಾಜರೇ, ನಿಮ್ಮ ಊಟದ ಹೊತ್ತಾಯ್ತು" ಎಂದರು. ಉಮ್ಮರಬ್ಬ ನಕ್ಕ. ಹೊತ್ತು ಇಳಿದ ಹಾಗೆ ನಾನು ಅವಸರವಸರವಾಗಿ ಎಲೆ ಮಡಚಿ ಊಟಕ್ಕೆ ಏಳುವವನೆಂಬುದೂ ನನ್ನ ಇಮೇಜಿನ ಒಂದು ಅಂಗ. "ನೀವು ಹೋಗಿ ಊಟ ಮಾಡಿ ಮಾರಾಯ್ರೇ, ನಾನು ಇಲ್ಲೇ ಗೆಲ್ತೇನೆ" ಎಂದ.

ಟೀಚರು ಎಲೆ ಹಂಚಿದರು. ನನಗೆ ಬಂದದ್ದು ಕಳಾವರ್ ಎರಡು, ಇಸ್ಪೀಟ್ ಏಳು. ಪೋಕರಿನಲ್ಲಿ ಇದಕ್ಕಿಂತ ದರಿದ್ರ ಜೋಡಿ ಇಲ್ಲ. ನಡುವೆ ಐದು ಎಲೆ ತೆರೆದಾಗ ಅದರಲ್ಲಿ ಮೂರು ಆಟೀನು ಇದ್ದವು. ನನ್ನ ಎರಡಕ್ಕೂ ಏಳಕ್ಕೂ ಅಲ್ಲಿ ಒಬ್ಬ ನೆಂಟನೂ ಇರಲಿಲ್ಲ. ಉಮ್ಮರಬ್ಬ ತನ್ನ ಎಲೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದು, ಮೂಗಿನ ಹತ್ತಿರ ತಂದು, ದೂರ ಸರಿಸಿ, ಕೆಳಗಿಟ್ಟ. ಆಗ ಅವನ ಹಣೆಯಲ್ಲಿ ಮೂಡಿದ ಗೆರೆಗಳನ್ನು ನೋಡಿ ನನಗೆ ಅಳು ಬಂದಂತಾಯಿತು. ಇನ್ನು ನಾಲ್ಕು ದಿನಕ್ಕೆ ಈ ಕಣ್ಣು ಆ ಘಾಟಿಯ ತಿರುವುಗಳನ್ನು ನೋಡಬೇಕು, ಹಿಂದಿನ ಸೀಟಿನಲ್ಲಿ ಮೊಮ್ಮಕ್ಕಳು.

"ಪೂರ್ತಿ" ಎಂದೆ.

ನನ್ನ ಬೊಗಸೆ ಬೀಜಗಳನ್ನು ನಡುವಿಗೆ ತಳ್ಳಿದೆ. ಅಷ್ಟರಿಂದ ಅವನ ಗುಡ್ಡ ಕರಗುವುದಿಲ್ಲವೆಂದು ನನಗೂ ಗೊತ್ತಿತ್ತು. ಅದಕ್ಕೇ ಕೂಡಲೇ ಹೇಳಿದೆ: "ಉಮ್ಮರಬ್ಬ, ಹೊತ್ತಾಯ್ತು, ನಿನಗೂ ನಮಾಜು ಉಂಟು. ಈ ಕೈಯಲ್ಲೇ ಮುಗಿಸುವ. ನಿನ್ನದೂ ಪೂರ್ತಿ ಇಡು. ಗೆದ್ದವನಿಗೆ ಎಲ್ಲ ಬೀಜವೂ, ಟೂರ್ನಮೆಂಟೂ. ಧೈರ್ಯ ಇಲ್ಲದಿದ್ದರೆ ಎಲೆ ಮಡಚು, ಟೂರ್ನಮೆಂಟು ನನ್ನದು."

ಟೀಚರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಇಂಥ ಭಾಷೆ ನನ್ನ ಬಾಯಿಂದ ಕಾಲೇಜಿನಲ್ಲೂ ಬಂದದ್ದಿಲ್ಲ. ಆಡಲೇಬೇಕೆಂಬ ನಿಯಮವೇನೂ ಇರಲಿಲ್ಲ, ಉಮ್ಮರಬ್ಬ ಒಲ್ಲೆನೆನ್ನಬಹುದಿತ್ತು. ಆದರೆ ಅವನಿಗೂ ಒಂದು ಇಮೇಜು ಉಂಟಲ್ಲ? ಸವಾಲು ಬಂದಾಗ ಹಿಂದೆ ಸರಿಯದವನು! "ಆಯ್ತು, ಕೈ ಹಾಕಿ" ಎಂದು ಕೈ ಚಾಚಿದ. ಹಾಕಿದೆ. ಆಮೇಲೆ ಅವನು, ಪೂರ್ತಿ ಇಡುವುದೋ ಮಡಚುವುದೋ ಎಂದು ಯೋಚಿಸತೊಡಗಿದ. ಮುಂದಕ್ಕೆ ಬಾಗಿ, ಕಣ್ಣು ಕಿರಿದು ಮಾಡಿ, ನನ್ನ ಮುಖವಿದ್ದ ದಿಕ್ಕನ್ನು ಬಹಳ ಹೊತ್ತು ದಿಟ್ಟಿಸಿದ.

"ಜಿನರಾಜರೇ, ಬಾಯಿ ಬಿಟ್ಟು ಹೇಳಿ. ನಿಮ್ಮ ಕೈಲಿ ಎಲೆ ಉಂಟಾ?"

ಇಲ್ಲಿ ಸುಳ್ಳು ಹೇಳಿದ್ದರೆ ವ್ರತಭಂಗ, ಸತ್ಯ ಹೇಳಿದ್ದರೆ ಗುರುವಾರ ಚಾರ್ಮಾಡಿ. ನಾನು "ನನ್ನ ಅಂಗಡಿಯಲ್ಲಿ ಎರಡು ಮಾತು ಉಂಟಾ ಉಮ್ಮರಬ್ಬ?" ಎಂದು ಕೇಳಿದೆ. ಶಾಸ್ತ್ರಪ್ರಕಾರ ನೋಡಿದರೆ ಅದು ಸುಳ್ಳಲ್ಲ, ಅಂಗಡಿಯ ಕುರಿತಾದ ಒಂದು ವಿಚಾರಣೆ. ಈ ಸಮರ್ಥನೆ ಯಾವ ಮುನಿಗಳ ಮುಂದೆ ನಿಲ್ಲುತ್ತದೋ ಕಾಣೆ.

ಅವನು ನಿಟ್ಟುಸಿರುಬಿಟ್ಟ. "ಇಲ್ಲ. ನೀವು ಎಲೆ ಇಲ್ಲದೆ ಪೂರ್ತಿ ಇಡುವ ಜನ ಅಲ್ಲ" ಎಂದು ತನ್ನ ಎರಡು ಎಲೆಗಳನ್ನು ಕವುಚಿ ಟೀಚರ ಕಡೆಗೆ ಸರಿಸಿದ. ಮಡಚಿದ!

ಎಲೆಗಳನ್ನು ಒಟ್ಟುಮಾಡುವಾಗ ಟೀಚರು ಅವನ ಎರಡನ್ನು ಓರೆಯಾಗಿಸಿ ನೋಡಿದ್ದು ನನಗೂ ಕಂಡಿತು. ಎರಡೂ ಆಟೀನು. ನಡುವಿನ ಮೂರರ ಜತೆ ಸೇರಿದರೆ ಒಂದೇ ಜಾತಿಯ ಐದು, ಪೋಕರಿನಲ್ಲಿ ಬಲು ದೊಡ್ಡದು. ನನ್ನನ್ನು ಅಲ್ಲೇ ಮುಗಿಸುವ ಕೈ. ತನ್ನ ಕೈಯಲ್ಲಿದ್ದ ಗೆಲುವು ಅವನಿಗೇ ಕಂಡಿರಲಿಲ್ಲ. ಟೀಚರು ಅವನ್ನು ಕಟ್ಟಿನೊಳಗೆ ಸೇರಿಸಿ ಕಲಸಿಬಿಟ್ಟರು.

ನಾನು ಎಲ್ಲವನ್ನೂ ಒಂದೇ ಅಪ್ಪಣೆಯಲ್ಲಿ ಸೇರಿಸಿ ಹೇಳಿದೆ. ಜೀಪಿನ ಕೀಲಿಕೈ ಈಗಲೇ ನನ್ನ ಕೈಗೆ, ನನ್ನ ಕೈಯಿಂದ ಝೊಹರಮ್ಮನಿಗೆ. ಗುರುವಾರ ಬಾಡಿಗೆ ಕಾರು. ನಾಳೆ ಬೆಳಿಗ್ಗೆ ನನ್ನೊಟ್ಟಿಗೆ ಕಣ್ಣಿನ ಆಸ್ಪತ್ರೆ, ಡಾಕ್ಟರು ಕೊಟ್ಟ ದಿನದಂದು ಆಪರೇಷನ್.

ಉಮ್ಮರಬ್ಬ ಮೇಜಿನ ಮೇಲೆ ತಡಕಿ ಒಂದು ಬೀಜವನ್ನು ಹಿಡಿದುಕೊಂಡು ಅದನ್ನೇ ತಿರುಗಿಸುತ್ತ ಕೂತ. "ಹೆದರಿಕೆ ಆಗ್ತದೆ ಮಾರಾಯ್ರೇ" ಎಂದ ಕೊನೆಗೆ. "ಬಾಪನ ಕೈ ಹಿಡಿದು ನಾನೇ ನಡೆಸ್ತಿದ್ದದ್ದು. ಈಗ ಮಸುಕಾದ್ರೂ ಮೊಮ್ಮಕ್ಕಳು ಕಾಣ್ತಾರೆ. ಅದೂ ಹೋದ್ರೆ?" ಅವನ ಬಾಯಿಂದ ನಾನು ಕೇಳಿದ ಮೊದಲ ಬಂಡಲಿಲ್ಲದ ವಾಕ್ಯ ಅದೇ ಇರಬೇಕು. ಟೀಚರು ಎದ್ದು ಬಂದು ಅವನ ಭುಜದ ಮೇಲೆ ಕೈಯಿಟ್ಟರು. "ನಾವಿಬ್ಬರೂ ಬರ್ತೇವೆ ಉಮ್ಮರಬ್ಬರೇ, ನೀವೊಬ್ರೇ ಅಲ್ಲ" ಎಂದರು. ಅವನು ಕಿಸೆಯಿಂದ ಕೀಲಿಕೈ ತೆಗೆದು ಮೇಜಿನ ಮೇಲಿಟ್ಟ. ಕೈ ಹಾಕಿದ ಮೇಲೆ ಮಾತು ಮೀರುವವನಲ್ಲ, ಪುಣ್ಯಾತ್ಮ. ಆ ದಿನ ನನ್ನ ಊಟ ತಪ್ಪಿತು. ಅಷ್ಟೊಂದು ಹೊಟ್ಟೆ ತುಂಬಿದ ಉಪವಾಸವನ್ನು ನಾನು ಹಿಂದೆಂದೂ ಮಾಡಿದ್ದಿಲ್ಲ.

ಮದುವೆಗೆ ಬಾಡಿಗೆ ಕಾರಿನಲ್ಲಿ ಹೋಗಿಬಂದರು. ಅದಾದ ಮೇಲೆ ಒಂದು ಕಣ್ಣಿನ ಆಪರೇಷನ್ ಆಯಿತು. ಒಳಗೆ ಹೋಗುವಾಗ ಉಮ್ಮರಬ್ಬ ನನ್ನ ಕೈಯನ್ನು ಬಿಗಿಯಾಗಿ ಹಿಡಿದಿದ್ದ. ಹೊರಗೆ ಬಂದವನು ಬಾಗಿಲಲ್ಲೇ, ಆಪರೇಷನ್ ಕೋಣೆಯ ಬಾಗಿಲು ಪ್ಲೈವುಡ್ಡಿನದೆಂದೂ ಒಳ್ಳೆಯ ಹಲಸಿನದು ತನ್ನಲ್ಲಿದೆಯೆಂದೂ ನರ್ಸಮ್ಮನಿಗೆ ತಿಳಿಸಿದ. ಪಟ್ಟಿ ಬಿಚ್ಚಿದ ದಿನ ಝೊಹರಮ್ಮ ಫೋನ್ ಮಾಡಿ ಮಾತಾಡಲಾಗದೆ ಅತ್ತರು. ಈ ಕಡೆ ಗಲ್ಲಾಪೆಟ್ಟಿಗೆಯ ಹಿಂದೆ ನಾನೂ ಅತ್ತೆ. ಗಿರಾಕಿಗಳು "ಪಾಪ" ಎಂದರು.

ಮುಂದಿನ ಆಟ ಮೂಡುಬಿದಿರೆಯಲ್ಲಿ, ನಮ್ಮ ಮನೆಯಲ್ಲಿ. ಕಪ್ಪು ಕನ್ನಡಕ ಕಳಚಿಟ್ಟು ಉಮ್ಮರಬ್ಬ ಎಲೆಗಳನ್ನು ಮಗುವಿನಂತೆ ತಿರುಗಿಸಿ ತಿರುಗಿಸಿ ನೋಡಿದ. ರಾಣಿಯ ಕೈಯಲ್ಲಿ ಹೂವಿರುವುದನ್ನು ನಮಗಿಬ್ಬರಿಗೂ ತೋರಿಸಿದ. ನನಗೋ, ಒಮ್ಮೆ ರುಚಿ ಹತ್ತಿದ ನಾಲಿಗೆ. ಕೈಯಲ್ಲಿ ಏನೂ ಇಲ್ಲದೆ ಮತ್ತೆ "ಪೂರ್ತಿ" ಎಂದುಬಿಟ್ಟೆ.

ಉಮ್ಮರಬ್ಬ ತಲೆಯೆತ್ತಿ ನನ್ನ ಮುಖವನ್ನು ನೋಡಿದ. ನೋಡುತ್ತಲೇ ಇದ್ದ. ಅವನ ಮೀಸೆ ಅಲುಗತೊಡಗಿತು, ಆಮೇಲೆ ಹೊಟ್ಟೆ, ಆಮೇಲೆ ಇಡೀ ಮನುಷ್ಯ. "ಅಯ್ಯೋ ಟೀಚರೇ, ಇಲ್ಲಿ ನೋಡಿ! ಎಂತ ಮುಖ ಮಾರಾಯ್ರೇ ಇದು! ಕಿವಿ ಕೆಂಪಾಗಿದೆ, ತುಟಿ ನಡುಗ್ತದೆ, ಕದ್ದ ಬೆಕ್ಕಾದ್ರೂ ಇದಕ್ಕಿಂತ ಒಳ್ಳೆ ಮುಖ ಮಾಡ್ತದೆ!" ಎನ್ನುತ್ತ ತನ್ನ ಬೀಜಗಳನ್ನೆಲ್ಲ ಮುಂದೆ ತಳ್ಳಿ ನನ್ನನ್ನು ಆ ಕೈಯಲ್ಲೇ ಮುಗಿಸಿದ. ಟೀಚರು ಕಣ್ಣೀರು ಬರುವಷ್ಟು ನಕ್ಕರು. ಇಷ್ಟು ವರ್ಷ ಊರು ನಂಬಿದ ಈ ಮುಖ ಸುಳ್ಳಿಗೆ ಹೇಗಿರುತ್ತದೆಂದು, ಸುಳ್ಳು ಹೇಳಿ ಅಭ್ಯಾಸವಿಲ್ಲದ ನನಗೇ ಗೊತ್ತಿರಲಿಲ್ಲ.

ನಗುತ್ತಿದ್ದವನು ಸಟ್ಟನೆ ನಿಲ್ಲಿಸಿದ. ಅವನೊಳಗೆ ಏನೋ ಲೆಕ್ಕ ನಡೆಯುತ್ತಿತ್ತು.

"ಜಿನರಾಜರೇ, ಬೆಳ್ತಂಗಡಿಯಲ್ಲಿ ಆ ದಿವಸ ನಿಮ್ಮ ಕೈಲಿ ಎಂತ ಇತ್ತು?"

"ಎರಡು, ಏಳು" ಎಂದೆ. "ಎಂತದೂ ಇರ್ಲಿಲ್ಲ."

"ಮುಖ ಹೀಗೇ ಇತ್ತಾ?"

ನಾನು ಟೀಚರನ್ನು ನೋಡಿದೆ. "ಇದಕ್ಕಿಂತ ಕಡೆ" ಎಂದರು ಟೀಚರು.

ಉಮ್ಮರಬ್ಬ ಮೇಜಿನ ಮೇಲೆ ಕೈ ಚಾಚಿ ನನ್ನ ಕೈಯನ್ನು ಹಿಡಿದುಕೊಂಡ.

"ಆ ದಿವಸ ನಿಮ್ಮ ಮುಖ ಕಂಡಿದ್ರೆ ನಾನು ಎಲೆ ಮಡಚ್ತಿರ್ಲಿಲ್ಲ, ಮಾರಾಯ್ರೇ. ಮಡಚದಿದ್ರೆ ಇವತ್ತು ನಿಮ್ಮ ಮುಖ ಕಾಣ್ತಿರ್ಲಿಲ್ಲ."